ಮಧ್ಯಾಹ್ನಕ್ಕೆ ಹಚ್ಚಿದ ದೀಪ

ಕಚೇರಿಗಳಿಗೆ ಲೈಟು ಜೋಡಿಸುವ ನಕ್ಷೆ ಹಾಕುವುದು ನನ್ನ ಕಸುಬು. ಯಾವ ಮೇಜಿಗೆ ಎಷ್ಟು ಬೆಳಕು ಬೇಕೆಂದು ಬಾಂದ್ರಾದಲ್ಲಿ ಕೂತು ಊರಿಗೆಲ್ಲ ಹೇಳುತ್ತೇನೆ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ನನ್ನಂಥವನನ್ನು ನೋಡಿಯೇ ಹುಟ್ಟಿರಬೇಕು.

ಬೈಕುಲ್ಲಾದ ಚಾಳಿನ ಸಾಲುಮನೆ ಬಿಟ್ಟು ಗೋರೆಗಾಂವ್‌ನ ಬಿಲ್ಡಿಂಗಿಗೆ ಬಂದಾಗ ಅಮ್ಮನಿಗೆ ಎಪ್ಪತ್ತೆರಡು. ನಮ್ಮದು ಎರಡನೇ ಮಹಡಿ. ಹಾಲಿಗೆ ಒಂದೇ ಕಿಟಕಿ, ಅದರಾಚೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದ ಬಿಲ್ಡಿಂಗಿನ ಗೋಡೆ. "ಇದರಿಂದ ಏನು ಮಣ್ಣು ಬೆಳಕು ಬರುತ್ತೆ" ಎಂದು ನಾನೇ ಕಿಟಕಿಗೆ ಅಡ್ಡವಾಗಿ ಬಟ್ಟೆಯ ಕಪಾಟು ನಿಲ್ಲಿಸಿ, ಸೂರಿಗೆ ಎಂಟು ಬಿಳಿ ಎಲ್‌ಇಡಿ ಕೂರಿಸಿದೆ. ಬಂದವರೆಲ್ಲ ಹೊಗಳಿದರು. ಅಮ್ಮ ಮಾತ್ರ, "ಎಲ್ಲಾ ಚೆನ್ನಾಗಿದೆ ಕಣೋ, ಆದ್ರೆ ಹೊತ್ತೇ ಗೊತ್ತಾಗಲ್ಲ" ಎಂದಳು. "ಗಡಿಯಾರ ನೋಡಮ್ಮ" ಎಂದು ರೇಗಿದೆ.

ಅಮ್ಮ ಗಡಿಯಾರದವಳಲ್ಲ. ಚಾಳಿನಲ್ಲಿ ಮನೆಯೆದುರಿನ ಉದ್ದ ಗ್ಯಾಲರಿಯಲ್ಲಿ ಬಿಸಿಲು ಸರಿದಂತೆ ಅವಳ ಕೆಲಸವೂ ಸರಿಯುತ್ತಿತ್ತು. ಮಬ್ಬಾದರೆ ದೇವರ ಮುಂದೆ ದೀಪ. ಸಕ್ಕರೆ ಕಾಯಿಲೆಯ ಸಂಜೆಯ ಗುಳಿಗೆ ಮರೆಯದಿರಲೆಂದು, "ದೀಪ ಹಚ್ಚಿದ ಕೂಡಲೇ ನುಂಗು" ಎಂದು ಕಲಿಸಿಕೊಟ್ಟವನೂ ನಾನೇ. ಅಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಹೊಸ ಮನೆಯಲ್ಲಿ ಅವಳ ನಿದ್ದೆ ಕೆಟ್ಟಿತು. ರಾತ್ರಿಯೆಲ್ಲ ಎದ್ದು ಕೂರುವಳು, ಹಗಲು ತೂಕಡಿಸುವಳು. ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಾದೆವು.

ಒಂದು ಸಂಜೆ ನನ್ನ ಹೆಂಡತಿ ಕೆಲಸದಿಂದ ಬಂದು ಬಾಗಿಲು ತೆಗೆದರೆ, ಅಮ್ಮ ನೆಲದ ಮೇಲೆ ಬಿದ್ದಿದ್ದಳು. ಮೈಯೆಲ್ಲ ಬೆವರು. ದೇವರ ಮುಂದಿನ ದೀಪ ಆಗಲೇ ಎಣ್ಣೆ ತೀರಿ ನಂದಿಹೋಗಿತ್ತು. ಮಧ್ಯಾಹ್ನದ ಅನ್ನ ಪಾತ್ರೆಯಲ್ಲಿ ಹಾಗೇ ಇತ್ತು.

ಸಕ್ಕರೆ ಪಾತಾಳಕ್ಕಿಳಿದಿದೆ, ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯಲ್ಲಿ. ಮರುದಿನ ಅಮ್ಮ ಮೆಲ್ಲಗೆ ಹೇಳಿದಳು: "ಬೆಳಗ್ಗೆ ತಿಂಡಿ ತಿಂದು, ಲೈಟ್ ಆರ್ಸಿ ಅಡ್ಡಾದೆ. ಎದ್ರೆ ಗವ್ವನೆ ಕತ್ತಲೆ. ಅಯ್ಯೋ, ಸಂಜೆ ಆಗೋಯ್ತು ಅಂತ ದೀಪ ಹಚ್ಚಿ ಗುಳಿಗೆ ತಗೊಂಡೆ. ನೀವಿಬ್ರೂ ಬರ್ಲಿ, ಒಟ್ಟಿಗೆ ಊಟ ಮಾಡೋಣ ಅಂತ ಕಾದೆ ಕಣೋ. ಎಷ್ಟೊತ್ತಾದ್ರೂ ಬರ್ಲೇ ಇಲ್ಲ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಡಾಕ್ಟರು ಕೇಳಿದರು, "ಘರ್ ಮೇ ಧೂಪ್ ಆತೀ ಹೈ ಕ್ಯಾ?" ಮನೆಗೆ ಬಿಸಿಲು ಬರುತ್ತದೆಯೇ ಎಂಬ ಅಷ್ಟು ಸಣ್ಣ ಪ್ರಶ್ನೆಗೆ, ಕಿಟಕಿಗೆ ನಾನೇ ಕಪಾಟು ಅಡ್ಡ ಇಟ್ಟದ್ದನ್ನು ಹೇಳಬೇಕಾಯಿತು. ನಾಚಿಕೆಯಾಯಿತು.

ಅಂದೇ ಕಪಾಟು ಸರಿಸಿದೆ. ಎದುರು ಗೋಡೆಗೆ ಬಡಿದು ಬೂದು ಬೆಳಕು ಒಂದಿಷ್ಟು ಒಳಗೆ ಬಂತು. ಬೆಳಿಗ್ಗೆ ಹೆಂಡತಿ ಅಮ್ಮನನ್ನು ಕೆಳಗೆ ಗೇಟಿನ ಬಳಿ ಬಿಸಿಲಿಗೆ ಕೂರಿಸುತ್ತಾಳೆ. ಈಗ ನಿದ್ದೆ ಪರವಾಗಿಲ್ಲ. ಆದರೆ ಆ ಕಿಟಕಿಯಲ್ಲಿ ಸಂಜೆ ಯಾವುದು, ಮೋಡ ಯಾವುದು ಎಂದು ಇಂದಿಗೂ ತಿಳಿಯುವುದಿಲ್ಲ. ಹಾಗಾಗಿ ದಿನಾ ಆಫೀಸಿನಿಂದ ಫೋನ್ ಮಾಡುತ್ತೇನೆ.

"ಅಮ್ಮ, ಸಂಜೆ ಆಯ್ತು. ದೀಪ ಹಚ್ಚು."

"ಆಯ್ತಾ? ಆಕಾಶ ನೋಡಿ ಹೇಳ್ತಿದ್ದೀಯಾ, ಗಡಿಯಾರ ನೋಡ್ಕೊಂಡಾ?"

ಫೋನು ಹಿಡಿದುಕೊಂಡೇ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ.