ತೆರೆಯದ ಟ್ರಂಕು

ಆ ಟ್ರಂಕನ್ನು ನಾನು ತೆರೆದು ನೋಡಲಿಲ್ಲ. ನೋಡಿದೆ ಎಂದು ಅಣ್ಣನಿಗೆ ಸುಳ್ಳು ಹೇಳಿದೆ. ಆಮೇಲೆ ಆರು ವರ್ಷ ಬಾಯಿ ಬಿಡಲಿಲ್ಲ.

ಆಗ ನಾವು ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ಬಾಡಿಗೆ ಖೋಲಿಯಲ್ಲಿದ್ದೆವು. ಅಣ್ಣನದು ಗುಜರಿ ಕೆಲಸ. ಕಡಲ ದಂಡೆಯ ಮೀನುಗಾರರ ಕೇರಿಯಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವವರು ಅವನನ್ನು ಕರೆಯುತ್ತಿದ್ದರು. ಮುರಿದ ಹುಟ್ಟು, ತುಕ್ಕು ಹಿಡಿದ ಲಂಗರು, ಹರಿದ ಬಲೆ, ಮಂಚ ಎಲ್ಲ ಖಾಲಿ ಮಾಡಿ ಕೈಗಾಡಿಯಲ್ಲಿ ಒಯ್ಯುತ್ತಿದ್ದ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವನ ಜೊತೆ ಸಾಮಾನು ಬೇರೆ ಮಾಡುತ್ತಿದ್ದೆ.

ಅಣ್ಣನದೊಂದು ಪದ್ಧತಿ ಇತ್ತು. ಗಾಡಿ ಹೊರಡುವ ಮುಂಚೆ ಮನೆಯಲ್ಲಿ ಸಿಕ್ಕ ಕಾಗದ, ಫೋಟೊ, ದೇವರ ಪಟ ಎಲ್ಲವನ್ನೂ ಜಗಲಿಯ ಮೇಲೆ ಚಾದರ ಹಾಸಿ ಇಡುತ್ತಿದ್ದ. ಮನೆಯವರು ಒಂದೊಂದನ್ನೂ ಮುಟ್ಟಿ ಒಯ್ಯಿ ಎಂದರೆ ಮಾತ್ರ ಒಯ್ಯುವುದು. ಇವರ ಅಕ್ಷರ ನಮಗೆ ಬರುವುದಿಲ್ಲ, ಯಾವುದು ಕಸ ಎಂದು ನಾವು ಹೇಳಬಾರದು ಎನ್ನುತ್ತಿದ್ದ. ಅದಕ್ಕೇ ಆ ಕೇರಿಯವರು ಬೇರೆ ಗುಜರಿಯವರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆ ದಿನ ಒಬ್ಬ ಮುದುಕನ ಮನೆ. ಹಿಂದಿನ ಕೋಣೆಯಲ್ಲಿ ತಗಡಿನ ಟ್ರಂಕು. ಮುಚ್ಚಳಕ್ಕೆ ಕೈ ಹಚ್ಚಿದೆ, ಒಳಗೆ ಏನೋ ಸರಸರ ಹರಿದಾಡಿತು. ಹಿಂದಿನ ವಾರವಷ್ಟೇ ನನಗೆ ಚೇಳು ಕಡಿದಿತ್ತು. ಕೈ ತೆಗೆದುಬಿಟ್ಟೆ.

"ಟ್ರಂಕಿನ್ಯಾಗ ಏನೈತಿ ತಂಗಿ?" ಅಣ್ಣ ಹೊರಗಿನಿಂದ ಕೇಳಿದ.

"ಹಳೇ ಅರಿವಿ."

"ತಳದ ತನಕ ನೋಡೀ ಇಲ್ಲೋ?"

"ನೋಡೇನಿ ಅಂದ್ನೆಲ್ಲ! ಪೊಲೀಸರಂಗ ಎಷ್ಟ ಸಲ ಕೇಳ್ತಿ?"

ಅವನು ನಕ್ಕು ಟ್ರಂಕನ್ನು ಗಾಡಿಗೆ ಏರಿಸಿದ.

ನಾಲ್ಕನೆಯ ದಿನ ಮುದುಕ ನಾಲ್ಕು ಜನರ ಜೊತೆ ನಮ್ಮ ಗುಡ್ಡ ಹತ್ತಿ ಬಂದ. ಅವನ ಅಜ್ಜನ ಕಾಲದಿಂದ ಬರೆದುಕೊಂಡು ಬಂದ ಪುಸ್ತಕವೊಂದು ಕಾಣುತ್ತಿರಲಿಲ್ಲ. ಕೇರಿಯ ಯಾವ ದೋಣಿಯನ್ನು ಯಾರು ಕಟ್ಟಿದರು, ಯಾರು ಕಡಲಿಗೆ ಹೋದವರು ತಿರುಗಿ ಬರಲಿಲ್ಲ, ಎಲ್ಲ ಅದರಲ್ಲಿತ್ತಂತೆ.

"ನೀನು ತೋರಿಸುತ್ತೀ ಎಂದು ನಂಬಿ ನಾನು ಒಳಗೆ ಬರಲಿಲ್ಲ" ಎಂದು ಮುದುಕ ಕೊಂಕಣಿಯಲ್ಲಿ ಹೇಳಿದ.

"ಪುಸ್ತಕ ಇರಲಿಲ್ಲ ಅಜ್ಜಾ. ನನ್ನ ತಂಗಿ ನೋಡಿದ್ದಾಳೆ."

"ಹಳೆ ಸಾಮಾನಿನ ಅಂಗಡಿಗೆ ಮಾರಿರುತ್ತಾನೆ. ಫಾರಿನ್‌ನವರು ಕೊಳ್ಳುತ್ತಾರಲ್ಲ" ಎಂದ ಇನ್ನೊಬ್ಬ.

ಎಲ್ಲರೂ ನನ್ನ ಕಡೆ ತಿರುಗಿದರು. ಖರೇ ಹೇಳಿದರೆ ಹೊಡೆಯುತ್ತಾರೆ, ಖೋಲಿ ಬಿಡಿಸುತ್ತಾರೆ ಎಂದು ಹೆದರಿದೆ. ನೋಡಿದ್ದೇನೆ ಎಂದು ತಲೆ ಆಡಿಸಿದೆ.

ಮರುದಿನ ಒಬ್ಬಳೇ, ಅಣ್ಣ ಟ್ರಂಕು ಮಾರಿದ್ದ ಗುಜರಿ ಅಡ್ಡೆಗೆ ಓಡಿದೆ. "ಟ್ರಂಕಿನ್ಯಾಗ ದಪ್ಪ ಪುಸ್ತಕ ಒಂದ ಇತ್ತವಾ, ಜೊಂಡಿಗ್ಯಾ ತಿಂದಿದ್ವು. ರದ್ದಿ ಲಾರಿ ನಿನ್ನೇನ ಹೋತು" ಎಂದ ಅಡ್ಡೆಯವನು. ಒಳಗೆ ಹರಿದಾಡಿದ್ದು ಚೇಳಲ್ಲ, ಬರೀ ಜಿರಲೆ.

ಆ ಕೇರಿ ಅಣ್ಣನಿಗೆ ಮುಚ್ಚಿತು. ಬಂದರಿನಲ್ಲಿ ಮೂಟೆ ಹೊರಲು ಹೋದ. ನಮ್ಮ ಮೆಟ್ಟಿಲ ಮೇಲೆ ಯಾರಾದರೂ ಕೊಂಕಣಿ ಮಾತಾಡಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಡ್ಡೆಯವನು ಎದುರಿಗೆ ಬಂದರೆ ಓಣಿ ಬದಲಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ಹೆದರಿಕೆ ಅಣ್ಣನನ್ನು ಕಂಡರೆ. ಅವನು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ತನ್ನ ಮಗಳು ಶಾಲೆಗೆ ಒಯ್ಯುತ್ತಿದ್ದ ಹಳೆಯ ಪಾಟಿಚೀಲ ಬಿಸಾಡುವಾಗಲೂ ಎರಡೆರಡು ಸಲ ಕೈಯಾಡಿಸಿ ನೋಡುತ್ತಿದ್ದ. "ನಾನ ಎಲ್ಲೆರ ಮರತನೇನೋ?" ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದ.

ಆರು ವರ್ಷದ ಮೇಲೆ, ಒಂದು ಭಾನುವಾರ, ಮೀನು ಪೇಟೆಯಲ್ಲಿ ಆ ಮುದುಕ ಎದುರಾದ. ಕೋಲು ಹಿಡಿದಿದ್ದ. ಅಣ್ಣನನ್ನು ನೋಡಿ ಮುಖ ತಿರುಗಿಸಿದ. ಅಣ್ಣ ಸುತ್ತಿ ಹೋಗಿ ಅವನ ಮುಂದೆ ನಿಂತು ಕೈ ಮುಗಿದ.

"ಅಜ್ಜಾ, ನಾನೇ ಎಲ್ಲೋ ಮರೆತಿರಬೇಕು. ತಪ್ಪು ನನ್ನದು."

ಮಾಡದ ತಪ್ಪನ್ನು ಅವನು ಮೈಮೇಲೆ ಹಾಕಿಕೊಳ್ಳುತ್ತಿದ್ದ. ನನ್ನ ಕೈಯಲ್ಲಿದ್ದ ಬಂಗಡೆಯ ಚೀಲವನ್ನು ಕೆಳಗಿಟ್ಟೆ. ಹೆದರಿಕೆ ಹೋಗಿರಲಿಲ್ಲ. ಆದರೂ ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದೆ. ನನಗೆ ಬರುವ ಹರಕು ಕೊಂಕಣಿಯಲ್ಲಿ ಮುದುಕನಿಗೆ ಎಲ್ಲ ಹೇಳಿದೆ. ಆಮೇಲೆ ಅಣ್ಣನ ಕಡೆ ತಿರುಗಿದೆ.

"ನೀ ಏನೂ ಮರತಿಲ್ಲೋ ಅಣ್ಣಾ. ನಾನ ಟ್ರಂಕು ತಗದ ನೋಡಿರಲಿಲ್ಲ. ಅಂಜಿ ಸುಳ್ಳು ಹೇಳಿದ್ನಿ. ನಂದ ತಪ್ಪಾತು, ಅಣ್ಣಾ."