ತಿರುಗುಮುರುಗಾದ ತೋಳು

ಊರಿನವರಿಗೆಲ್ಲ ಅಂಗಿ ಹೊಲಿದೇ ತಲೆ ನರೆಸಿಕೊಂಡ ಅತ್ತೆಗೆ ವಿಡಿಯೊ ಹುಚ್ಚು ಹಿಡಿಸಿದವಳು ಸೊಸೆ. ಮೊದಮೊದಲು ಅತ್ತೆ ಕ್ಯಾಮೆರಾ ಮುಂದೆ ಕೋಲು ನುಂಗಿದವಳ ಹಾಗೆ ಕೂತು ಹೊಲಿಗೆಯ ಪಾಠ ಒಪ್ಪಿಸುತ್ತಿದ್ದಳು. ನೋಡುತ್ತಿದ್ದವರು ನೆಂಟರಷ್ಟೇ.

ಒಂದು ದಿನ ಮಾತಿನ ಭರದಲ್ಲಿ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟಳು. "ಥೂ, ನನ್ನ ಬುದ್ಧಿಗಿಷ್ಟು! ಇಷ್ಟು ವರ್ಷ ಕತ್ತೆ ಕಾಯ್ತಿದ್ನಾ?" ಎಂದು ತನಗೆ ತಾನೇ ಬೈದುಕೊಳ್ಳುತ್ತ ಹೊಲಿಗೆ ಬಿಚ್ಚತೊಡಗಿದಳು.

"ಇಷ್ಟು ಭಾಗ ತೆಗೆದುಬಿಡ್ತೀನಿ ಅತ್ತೆ, ಮಾನ ಹೋಗತ್ತೆ," ಎಂದಳು ಸೊಸೆ.

"ಹೊಲಿಯೋಳು ಬಿಚ್ಚದೆ ಇರ್ತಾಳಾ? ನೋಡೋರು ಅದನ್ನೂ ಕಲೀಲಿ, ಬಿಡು."

ಆ ವಿಡಿಯೊ ಊರೂರು ಸುತ್ತಿತು. "ನನಗೊಬ್ಬಳಿಗೇ ಹೀಗಾಗೋದು ಅಂದ್ಕೊಂಡಿದ್ದೆ," ಎಂದು ಗುರುತು ಪರಿಚಯವಿಲ್ಲದವರೆಲ್ಲ ತಾವು ಕೆಡಿಸಿದ ಅಂಗಿಗಳ ಕಥೆ ಬರೆದರು. ಅತ್ತೆ ಒಬ್ಬೊಬ್ಬರಿಗೂ ಅಕ್ಕರೆಯಿಂದ ಬೈದು ಸೊಸೆಯ ಕೈಲಿ ಉತ್ತರ ಬರೆಸಿದಳು.

ಮೊನ್ನೆ ಒಂದೂ ತಪ್ಪಿಲ್ಲದೆ ಅಂಗಿ ಹೊಲಿದು ತೋರಿಸಿ, ಹೊಗಳಿಕೆಗೆ ಕಾಯುತ್ತ ಫೋನು ಹಿಡಿದು ಕೂತಳು. ಮೊದಲು ಬಂದದ್ದೇ ಇದು: "ಯಾಕಮ್ಮ, ಇವತ್ತು ಒಂದ್ಸಲಾನೂ ಬೈಕೊಳ್ಳಲಿಲ್ಲ? ಮೈ ಹುಷಾರಿಲ್ವಾ?"

ಅತ್ತೆ ಅದನ್ನು ಎರಡೆರಡು ಸಲ ಓದಿಸಿಕೊಂಡಳು. ಆಮೇಲೆ ಮುಖವೆಲ್ಲ ಅರಳಿಸಿಕೊಂಡು ಸೊಸೆಯನ್ನೇ ತರಾಟೆಗೆ ತೆಗೆದುಕೊಂಡಳು: "ಕೇಳಿದ್ಯಾ? ಒಂದೇ ಸೂರಿನಡಿ ಇದ್ದೀಯ, ನೀನ್ಯಾವತ್ತಾದ್ರೂ ಹೀಗೆ ವಿಚಾರಿಸಿದ್ದೀಯಾ?"