ರೊಟ್ಟಿ ಯಾಕೆ ಉಬ್ಬುತ್ತೆ?

ನನ್ನೂರು ಚನ್ನಗಿರಿ. ಟೀಚರ್ ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ನನ್ನ ಐದನೇ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಪಾಠದ ಕೊನೆಯ ಪ್ರಶ್ನೋತ್ತರಗಳನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಪುಸ್ತಕದಲ್ಲಿ ಇಲ್ಲದ್ದೇನಾದರೂ ಕೇಳಿದರೆ ಮಾತ್ರ ತುಟಿ ಬಿಗಿದು ನೆಲ ನೋಡುತ್ತಿದ್ದಳು. ಎಲ್ಲಿ ತಪ್ಪಾಗಿಬಿಡುತ್ತದೋ ಎಂಬ ಭಯ. ಇಂಥ ಜಾಣೆಯರು ಇನ್ನಷ್ಟು ಮಂದಿ ಇರಬಾರದಿತ್ತೇ ಎಂದು ಮೊದಲು ಆಸೆಪಟ್ಟಿದ್ದೆ. ಬರಬರುತ್ತ ಅವಳ ಮುಖ ನೋಡಿದರೆ ನನಗೇ ಸಂಕಟವಾಗುತ್ತಿತ್ತು.

ಒಂದು ಸಂಜೆ ಮಕ್ಕಳಿಗೆ ಹೇಳಿದೆ, "ನಾಳೆ ಯಾರೂ ಉತ್ತರ ಕಲಿತು ಬರಬೇಡಿ. ಮನೆಯಿಂದ ಒಂದು ಪ್ರಶ್ನೆ ತನ್ನಿ. ಅದರ ಉತ್ತರ ನಿಮಗೂ ಗೊತ್ತಿರಬಾರದು."

ಮರುದಿನ ಬೆಲ್ ಹೊಡೆಯುವ ಮುಂಚೆಯೇ ಆ ಹುಡುಗಿಯ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು.

"ಏನ್ರಿ ಟೀಚರಮ್ಮ, ಪ್ರಶ್ನೆ ಕೇಳಾಕೆ ನೀವು ಅದೀರಿ, ಉತ್ತರ ಹೇಳಾಕೆ ಹುಡುಗ್ರು ಅದಾರೆ. ಇದೇನು ಉಲ್ಟಾ? ನಿನ್ನೆಯಿಂದ ನನ್ ತಲೆ ತಿಂತೈತೆ ಇದು. ರೊಟ್ಟಿ ಯಾಕೆ ಉಬ್ತೈತೆ ಅಂತ ಕೇಳ್ತೈತ್ರಿ!"

"ಯಾಕೆ ಉಬ್ತೈತೆ ಅಜ್ಜಿ?" ಎಂದು ನಾನೂ ಕೇಳಿದೆ.

"ರೊಟ್ಟಿ ತಟ್ಟಿ ತಟ್ಟಿ ಮುದುಕಿ ಆಗೀನಿ. ಯಾಕೆ ಅಂತ ಯಾರ್ ಕೇಳಿದ್ರು ನನ್ನ?"

"ನನಗೂ ಸರಿಯಾಗಿ ಗೊತ್ತಿಲ್ಲ. ಎಲ್ಲಾರೂ ಸೇರಿ ನೋಡಾಣ ಬರ್ರಿ," ಅಂದೆ.

ಹುಡುಗಿ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದಳು. ಗೊತ್ತಿಲ್ಲ ಎನ್ನುವ ಟೀಚರನ್ನು ಅವಳು ಅದೇ ಮೊದಲು ಕಂಡಿದ್ದಿರಬೇಕು.

ಬಿಸಿಯೂಟ ಮುಗಿದು ಒಲೆ ಖಾಲಿಯಾದ ಮೇಲೆ ಅಡುಗೆಯವರು ಹಂಚು ಕೊಟ್ಟರು. ಬೆಳಿಗ್ಗೆ ಮನೆಗೆ ಹೋಗಿದ್ದ ಅಜ್ಜಿ ಗೊಣಗುತ್ತಲೇ ಜೋಳದ ಹಿಟ್ಟು ತಂದರು. ಮೊದಲು ಊಹೆ ಹೇಳಿ ಎಂದೆ. "ಒಳಗೆ ಗಾಳಿ ಐತೆ" ಎಂದ ಒಬ್ಬ. "ಬೆಂಕಿ ಸುಡ್ತೈತಲ್ಲ, ಸಿಟ್ಟಿಗೆ ಉಬ್ತೈತೆ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಹುಡುಗಿ ಮಾತ್ರ ಅಜ್ಜಿಯ ಪಕ್ಕ ಕೂತು ಹಂಚನ್ನೇ ನೋಡುತ್ತಿದ್ದಳು.

ಮೊದಲ ರೊಟ್ಟಿ ಚೆಂಡಿನಂತೆ ಉಬ್ಬಿತು. ಎರಡನೆಯದರ ಅಂಚು ಹರಿದಿತ್ತು. ಅಲ್ಲಿಂದ ಬೆಳ್ಳಗೆ ಏನೋ ಬುಸ್ಸೆಂದು ಹೊರಬಂದು ರೊಟ್ಟಿ ಚಪ್ಪಟೆಯಾಗಿಯೇ ಉಳಿಯಿತು.

"ಟೀಚರ್, ಅಲ್ಲಿ ಹೊಗೆ!" ಹುಡುಗಿ ಕೂಗಿದಳು.

"ಹೊಗೆನಾ, ಇಲ್ಲಾ ಬೇರೆ ಏನಾದ್ರೂನಾ?" ಎಂದೆ.

ಅವಳು ಓಡಿಹೋಗಿ ತನ್ನ ಊಟದ ತಟ್ಟೆ ತಂದಳು. ಅಡುಗೆಯವರು ಅದನ್ನು ಇಕ್ಕಳದಲ್ಲಿ ಹಿಡಿದು ಆ ಬಿಳಿಯದಕ್ಕೆ ಅಡ್ಡ ಇಟ್ಟರು. ತಟ್ಟೆಯ ಮೇಲೆ ಸಣ್ಣ ಸಣ್ಣ ಹನಿ ಕೂತವು. "ನೀರು! ಹಿಟ್ಟಿಗೆ ಹಾಕಿದ್ ನೀರೇ ಆವಿ ಆಗೈತೆ. ಹಂಗಾದ್ರೆ ತೂತು ಮಾಡಿದ್ರೆ ಉಬ್ಬಾದಿಲ್ಲ!" ಎಂದಳು ಹುಡುಗಿ.

ಮುಂದಿನ ಹಸಿ ರೊಟ್ಟಿಗೆ ಅವಳೇ ಉಗುರಿನಿಂದ ತೂತು ಮಾಡಿದಳು. ಅದು ಎಲ್ಲಕ್ಕಿಂತ ಚೆನ್ನಾಗಿ ಉಬ್ಬಿಬಿಟ್ಟಿತು. ತರಗತಿಯೆಲ್ಲ ಗೊಳ್ಳೆಂದಿತು. ಇನ್ನು ಇವಳು ಅಳುತ್ತಾಳೆ ಎಂದುಕೊಂಡೆ. ಅವಳ ಕಣ್ಣು ತುಂಬಿದ್ದೂ ನಿಜ. ಆದರೆ ಬಗ್ಗಿ ರೊಟ್ಟಿಯನ್ನೇ ದಿಟ್ಟಿಸಿ ನೋಡಿದಳು.

"ಅಜ್ಜಿ, ನೀನು ನೀರು ಸವರುವಾಗ ತೂತು ಮುಚ್ಚಿ ಹೋಗೈತೆ. ಇನ್ನೊಂದು ತಟ್ಟು. ಈ ಸಲ ದೊಡ್ಡದು ಮಾಡ್ತೀನಿ."

ದೊಡ್ಡ ತೂತಿನ ರೊಟ್ಟಿ ಉಬ್ಬಲಿಲ್ಲ. ಉಬ್ಬದ ರೊಟ್ಟಿಗೆ ಮಕ್ಕಳು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ಕಂಡು ಅಜ್ಜಿಗೂ ನಗು ತಡೆಯಲಾಗಲಿಲ್ಲ. "ದಪ್ಪಂದು ತಟ್ಟಿದ್ರೆ ಏನಾಗ್ತೈತೆ, ಅದನ್ನೂ ನೋಡಾಣೇನ್ರಿ?" ಎಂದು ತಾವೇ ಕೇಳಿದರು. ಹಿಟ್ಟು ಮುಗಿಯುವವರೆಗೂ ನೋಡಿದೆವು. ಆಮೇಲೆ ಹರಿದದ್ದು, ಸುಟ್ಟದ್ದು ಎನ್ನದೆ ಎಲ್ಲವನ್ನೂ ಶೇಂಗಾ ಚಟ್ನಿಪುಡಿ ಜೊತೆ ತಿಂದೆವು.

ಅವಳು ಬಾಯಿಪಾಠ ಮಾಡುವುದನ್ನು ಬಿಡಲಿಲ್ಲ, ನಾನೂ ಬಿಡಿಸಲು ಹೋಗಲಿಲ್ಲ. ಆದರೆ ಆ ಸಲದ ಪರೀಕ್ಷೆಯಲ್ಲಿ, ಗಾಳಿಗೆ ಒದ್ದೆ ಬಟ್ಟೆ ಬೇಗ ಒಣಗುವುದೇಕೆ ಎಂದು ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಕೊಟ್ಟಿದ್ದೆ. ಜಾಗ ಖಾಲಿ ಬಿಡದೆ ತನಗೆ ತೋಚಿದ್ದನ್ನು ಬರೆದಿದ್ದಳು. ಅರ್ಧ ಸರಿಯಿತ್ತು, ಅರ್ಧ ತಪ್ಪು. ಪೇಪರ್ ಕೊಟ್ಟ ದಿನ ಸಂಜೆ ನನ್ನ ಹತ್ತಿರ ಬಂದು, "ಎಲ್ಲಿ ತಪ್ಪಾಗೈತೆ ಹೇಳ್ರಿ ಟೀಚರ್" ಎಂದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು, ಒದ್ದೆ ಕರವಸ್ತ್ರ ಹರವಿಕೊಂಡು ಮಾತಾಡುತ್ತಿರುವಾಗ ನನ್ನ ಬಸ್ಸು ಹೊರಟುಹೋಯಿತು. ಮುಂದಿನ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ನನಗೇನೂ ಬೇಸರವೆನಿಸಲಿಲ್ಲ.